ಹಾಪ್ ಬಳ್ಳಿಯ ತಂಪುಗೂಡು

ವಿಜಯಪುರ
ಮೂರನೇ ಬೇಸಿಗೆಯ ಕೊನೆ, ೨೧೮೭

ಹಿರಿಯಜ್ಜಿ ಉಜ್ವಲಾ ಅವರಿಗೆ,

ಇನ್ನೂ ಹುಟ್ಟದವಳೊಬ್ಬಳು ನಮಸ್ಕಾರ ಹೇಳುತ್ತಿದ್ದಾಳೆ, ಗಾಬರಿಯಾಗಬೇಡಿ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಚಳಿಗಾಲ ಎನ್ನುವುದಕ್ಕೆ ನಮ್ಮಲ್ಲಿ ಮೂರನೇ ಬೇಸಿಗೆ ಎಂದು ಹೆಸರು.

ನೀವು ಮಾಳಿಗೆಯ ಮೇಲೆ ಕುಂಡದಲ್ಲಿ ನೆಟ್ಟ ಹಾಪ್ ಬಳ್ಳಿ ನಮ್ಮ ಕಾಲದವರೆಗೂ ಬಂತು. ಬಿಯರ್ ಮದ್ಯಕ್ಕೆ ಹಾಕುವ ಹೂವೆಂದು ಓಣಿಯವರು ಆಗ ಆಡಿಕೊಂಡರಂತೆ. ನಾವು ಆ ಹೂವನ್ನು ಒಣಗಿಸಿ ದಿಂಬಿಗೆ ತುಂಬುತ್ತೇವೆ. ಅದರ ಘಾಟು ವಾಸನೆಗೆ ನನ್ನ ಅಜ್ಜಿಗೆ ನಿದ್ದೆ ಹತ್ತುತ್ತದೆ. ಮಧ್ಯಾಹ್ನ ಬಳ್ಳಿಗೆ ಹಸಿ ಗೋಣಿಚೀಲದ ಮರೆ ಕಟ್ಟುತ್ತೇವೆ. ನಮ್ಮ ಊರಿನ ಹಗಲು ಅದಕ್ಕೆ ಸಾಲದು, ಎತ್ತರಕ್ಕೆ ಬೆಳೆಯುವ ಮೊದಲೇ ಹೂಬಿಟ್ಟು ಮುಗಿಸಿಬಿಡುತ್ತದೆ. ಅದಕ್ಕೇ ಸಂಜೆ ಎದುರಿಗೊಂದು ದೀಪ ಉರಿಸಿ, ಹಗಲು ಇನ್ನೂ ಇದೆಯೆಂದು ನಂಬಿಸುತ್ತೇವೆ. ಹೊಸಬರು ದೇವರೆಂದು ಕೈಮುಗಿಯುತ್ತಾರೆ. ಅಜ್ಜಿ ಬೇಡವೆನ್ನುವುದಿಲ್ಲ.

ಹೂವು ಕಿತ್ತ ಮೇಲೆ ಬಳ್ಳಿ ಕತ್ತರಿಸಿ, ಗಡ್ಡೆಯನ್ನು ಕುಂಡದ ಸಮೇತ ತಂಪುಗೂಡಿನಲ್ಲಿ ಮಲಗಿಸಬೇಕು, ಚಳಿ ತಾಗದಿದ್ದರೆ ಅದು ಮತ್ತೆ ಸರಿಯಾಗಿ ಚಿಗುರುವುದಿಲ್ಲ. ವಿದ್ಯುತ್ತು ಸಾಲದ್ದರಿಂದ ಓಣಿಗೆಲ್ಲ ಒಂದೇ ತಣ್ಣನೆಯ ಕೋಣೆ, ಅದರಲ್ಲಿ ಮನೆಗೊಂದು ಗೂಡು. ನಿಮ್ಮ ಕಾಲದಲ್ಲಿ ಯಾರೋ ಶ್ರೀಖಂಡದ ಡಬ್ಬಿಗೆ ಜಾಗ ಮಾಡಲು ಗಡ್ಡೆಯನ್ನು ಫ್ರಿಜ್ಜಿನಿಂದ ಹೊರಗಿಟ್ಟರಂತೆ. “ಇನ್ನ ಮ್ಯಾಲೆ ಯಾರ್ ಕೇಳಿದ್ರೂ ಇದನ್ನ ಹೊರಗ ತಗೀಬಾರದು” ಎಂದು ಅಂದು ನೀವು ಸಿಟ್ಟಿನಲ್ಲಿ ಆಡಿದ ಮಾತು ನಮ್ಮ ಮನೆಯಲ್ಲಿ ಶಾಸನವಾಗಿ ಕುಳಿತಿದೆ.

ಈ ವರ್ಷ ಪಕ್ಕದ ಮನೆಗೆ ರುಬೀನಾ ಬಾಡಿಗೆಗೆ ಬಂದರು. ಅವರಿಗೆ ಗೂಡು ಇನ್ನೂ ಸಿಕ್ಕಿರಲಿಲ್ಲ, ಹಸುಗೂಸಿನ ಔಷಧ ತಂಪಿಲ್ಲದಿದ್ದರೆ ಕೆಡುತ್ತಿತ್ತು. ಬಾಗಿಲಿಗೆ ಬಂದು ಕೇಳಿದರು. ಅಜ್ಜಿ ನಿಮ್ಮ ಮಾತು ಹೇಳಿ ಒಳಗೆ ಹೋದರು. ಗೂಡಿನಲ್ಲಿ ಎರಡಕ್ಕೂ ಜಾಗವಿರಲಿಲ್ಲ, ನಾನು ಕುಂಡ ಹೊರಗಿಟ್ಟು ಔಷಧ ಇಟ್ಟೆ. ಕೂಸು ಉಳಿಯಿತು. ಗಡ್ಡೆ ಬಿಸಿಗೆ ಮೆತ್ತಗಾಗಿ ಕೊಳೆಯಿತು.

“ಹಿರ್ಯಾರ ಮಾತ್ ಮುರದಿ. ನನ್ ಜೋಡಿ ಮಾತಾಡಬ್ಯಾಡ” ಎಂದ ಅಜ್ಜಿ ಇಂದಿಗೂ ನನ್ನ ಜೊತೆ ಮಾತಾಡಿಲ್ಲ. ಅವರ ಸಿಟ್ಟು ಸುಳ್ಳಲ್ಲ. ಅಜ್ಜ ಹೋದಾಗಿನಿಂದ ಆ ದಿಂಬಿಲ್ಲದೆ ಅವರಿಗೆ ನಿದ್ದೆಯಿಲ್ಲ, ಹಳೆಯ ದಿಂಬಿನ ವಾಸನೆ ಹೋಗುತ್ತಾ ಬಂದಿದೆ. ಅದನ್ನು ಮತ್ತೆ ಮತ್ತೆ ಮೂಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮಾಡಿದ್ದಕ್ಕೆ ಮಾತ್ರ ಪಶ್ಚಾತ್ತಾಪವಿಲ್ಲ.

ನಿಮ್ಮಲ್ಲಿ ಆ ಸಿಟ್ಟಿನ ದಿನ ಇನ್ನೂ ಬಂದಿಲ್ಲದಿದ್ದರೆ ನನ್ನದೊಂದು ಬೇಡಿಕೆ. ಬೈಯುವಷ್ಟು ಬೈಯಿರಿ. ಕೊನೆಗೆ, ಯಾರದಾದರೂ ಜೀವಕ್ಕೆ ಬೇಕಾದರೆ ತೆಗೆಯಬಹುದು ಎಂದು ಒಂದು ಮಾತು ಸೇರಿಸಿ. ಅಜ್ಜಿ ಅದನ್ನೇ ಕೇಳುತ್ತ ಬೆಳೆಯುತ್ತಾರೆ. ಆಗ ರುಬೀನಾ ಬಾಗಿಲಿಗೆ ಬಂದ ದಿನ ಗೂಡು ಖಾಲಿ ಮಾಡುವವಳು ನಾನಾಗಿರುವುದಿಲ್ಲ. ನಾನು ಏಳುವಷ್ಟರಲ್ಲಿ ಅಜ್ಜಿಯೇ ಕುಂಡ ಎತ್ತಿ ಹೊರಗಿಟ್ಟಿರುತ್ತಾರೆ.

ದಾನಮ್ಮ