ನನ್ನ ಕೈಯ ವರದಿ

ಬೇಕರಿಯ ಮ್ಯಾನೇಜರ್ ಸಾಹೇಬರಿಗೆ,

ನಮಸ್ಕಾರ ಹೇಳುವ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಹೋದ ವಾರ ತಪಾಸಣೆಯವರು ನನ್ನ ಅಂಗೈಗೆ ಹತ್ತಿಕಡ್ಡಿ ಒರೆಸಿಕೊಂಡು ಹೋದರಲ್ಲ, ಅದರ ವರದಿ ಹಿಡಿದು ನೀವು ಎಲ್ಲರೆದುರು, "ಈಯಮ್ಮನ ಕೈತುಂಬ ಬ್ಯಾಕ್ಟೀರಿಯಾ!" ಎಂದು ಕೂಗಿ ನನ್ನನ್ನು ಮನೆಗೆ ಕಳಿಸಿದಿರಿ. ಹನ್ನೊಂದು ವರ್ಷ ನಿಮ್ಮ ಹಿಟ್ಟು ನಾದಿದ ಕೈ ಇದು.

ನಾನು ಲ್ಯಾಬಿಗೇ ಹೋಗಿ ಕೇಳಿದೆ. ಅಲ್ಲಿನ ಮೇಡಂ ನಕ್ಕುಬಿಟ್ಟರು. "ಅಮ್ಮಾ, ಇವು ಎಲ್ಲರ ಚರ್ಮದ ಮೇಲೂ ಇರೋವೇ. ಕೆಟ್ಟವು ಬಂದು ಕೂರದ ಹಾಗೆ ಜಾಗ ಕಾಯ್ತವೆ. ರೋಗದ ಕ್ರಿಮಿ ಒಂದೂ ಇಲ್ಲ ಅಂತ ಎರಡನೇ ಸಾಲಲ್ಲೇ ಬರೆದಿದೀವಲ್ಲ!" ಎಂದರು. ಆ ಸಾಲು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ನಿಮ್ಮ ಕೈಗೇನು ಬೇರೆ ಚರ್ಮ ಹೊದಿಸಿದ್ದಾರೆಯೇ?

ನೀವು ಕೂಗಿದ ಸುದ್ದಿ ನಮ್ಮ ಬೀದಿಯೆಲ್ಲ ಹರಡಿದೆ. ನಿನ್ನೆ ತುತ್ತು ಕೊಡಹೋದರೆ ನನ್ನ ಆರು ವರ್ಷದ ಮಗಳು ಬಾಯಿ ಮುಚ್ಚಿಕೊಂಡು, "ಚಮಚ ತಗೋ ಅಮ್ಮಾ" ಎಂದಳು. ನಾನು ಎದ್ದು ಹೋಗಿ ಚಮಚ ತಂದೆ.

ಸೋಮವಾರ ಕೆಲಸಕ್ಕೆ ಬರುತ್ತೇನೆ. ಅವತ್ತು ಕೂಗಿದ ಜಾಗದಲ್ಲೇ ನಿಂತು, ಅಷ್ಟೇ ಗಟ್ಟಿಯಾಗಿ ಆ ಎರಡನೇ ಸಾಲನ್ನೂ ಓದಿ. ಮಗಳನ್ನು ಜೊತೆಗೆ ಕರೆತರುತ್ತೇನೆ. ಅವಳಿಗೆ ಕೇಳಿಸಬೇಕು.

ಇಂತಿ,
ಹಿಟ್ಟು ನಾದುವವಳು