ಆಚೆ ದಡದ ಮನೆ

ಆಟದ ಕಂಪನಿಯ ಮ್ಯಾನೇಜರ್ ಸಾಹೇಬರಿಗೆ,

ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರಿಗಾರ್ಡ್ಸ್ ಅಂತ ಮುಂದೇನೋ ಬರುತ್ತಿತ್ತು, ಕಾಲೇಜಿನಲ್ಲಿ ಕಲಿತದ್ದು ಮರೆತಿದೆ. ಕನ್ನಡದಲ್ಲೇ ಬರೆಯುತ್ತೇನೆ.

ನಿಮ್ಮ ಆನ್‌ಲೈನ್ ಆಟದ ಮೊದಲ ಭಾಗವನ್ನು ನಾನೂ ನನ್ನ ಹೆಂಡತಿಯೂ ಒಂದೇ ಸೋಫಾದಲ್ಲಿ ಕೂತು ಆಡುತ್ತಿದ್ದೆವು. ಆಟದಲ್ಲಿ ಅವಳು ಹೊಳೆಯ ಆಚೆ ದಡದಲ್ಲಿ ಬೇರೆ ಮನೆ ಕಟ್ಟಿದಳು. "ಈ ಮನೆಗಾದ್ರೂ ಬಾಗಿಲು ತಟ್ಟಿ ಬನ್ನಿ, ನುಗ್ಗಬೇಡಿ" ಅಂದಿದ್ದಳು. ಅವಳು ತೀರಿಕೊಂಡ ಮೇಲೂ ಸಂಜೆ ಹೊತ್ತು ಅಲ್ಲಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದೆ. ಈಗ ಎರಡನೇ ಭಾಗ ಕೊಳ್ಳದವರ ಮನೆಗಳಿಗೆಲ್ಲ ಬೀಗ ಹಾಕಿದ್ದೀರಿ. ನಾನು ಕೊಂಡೆ. ನನ್ನ ಮನೆ ತೆರೆಯಿತು, ಅವಳದು ತೆರೆಯಲಿಲ್ಲ.

ಫೋನಿನಲ್ಲಿ ನಿಮ್ಮ ಕಸ್ಟಮರ್ ಕೇರ್ ಹುಡುಗಿ, "ನಿಮ್ಮ ಮಿಸೆಸ್ಸೂ ತಗೋಬೇಕು ಅಂಕಲ್, ಅವ್ರಿಗೆ ಹೇಳಿ" ಅಂದಳು.

"ಅವಳಿಗೆ ಹೇಳೋ ಹಾಗಿದ್ರೆ ನಿನಗ್ಯಾಕಮ್ಮ ಫೋನ್ ಮಾಡ್ತಿದ್ದೆ?" ಅಂದೆ.

ಮನೆ ಮಾರಿ, ಆಮೇಲೆ ಅದಕ್ಕೇ ಬೀಗ ಹಾಕಿ, ಬೀಗದ ಕೈಯನ್ನು ಬೇರೆಯಾಗಿ ಮಾರುವುದು ಯಾವ ನ್ಯಾಯ ಸರ್? ಎರಡನೇ ಭಾಗದ ಕೋಟೆ, ಕುದುರೆ ಎಲ್ಲ ವಾಪಸು ತೆಗೆದುಕೊಳ್ಳಿ. ಆ ಬೀಗವೊಂದನ್ನು ತೆಗೆಸಿ. ಬಾಗಿಲು ಮಾತ್ರ ಮುಚ್ಚಿಯೇ ಇರಲಿ, ನಾನು ತಟ್ಟಿ ಹೋಗುತ್ತೇನೆ.

ಇಂತಿ,
ಯುವರ್ಸ್ ಫೇತ್‌ಫುಲ್ಲಿ ಎಂದು ಬರೆಯಲು ಮನಸ್ಸಿಲ್ಲದ,
ಆ ಮನೆಯಾಕೆಯ ಗಂಡ