ಹೆಸರು ಮುಚ್ಚಿದ ಚಿತ್ರ

ಎಕ್ಸ್-ರೇ ವಿಭಾಗ, ನೆಲಮಾಳಿಗೆ
ಮಾರ್ಚ್ ಹನ್ನೊಂದು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೈ ಹೇಗಿದೆ ಎಂದು ಮೊದಲ ಸಾಲಿನಲ್ಲೇ ಕೇಳಲು ಧೈರ್ಯ ಸಾಲದೆ ಸುಮ್ಮನೆ ಹೇಗಿದ್ದೀಯ ಎಂದು ಬರೆದೆ. ಭಾವನ ಕೆಮ್ಮು ಇಳಿಯಿತೇ? ನಿನಗೆ ನಿದ್ದೆ ಬರುತ್ತಿದೆಯೇ, ಇಲ್ಲ, ಕೈಗಳನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಬೆಳಗಾಗುವುದನ್ನೇ ಕಾಯುತ್ತೀಯೇ? ನಾನು ಚೆನ್ನಾಗಿದ್ದೇನೆ. ಈ ಕತ್ತಲೆ ಕೋಣೆ, ಚಿತ್ರ ನೋಡುವ ದೀಪದ ಪೆಟ್ಟಿಗೆ, ಕಪಾಟಿನ ಮೂಲೆಯ ಎರಡು ಕವನಸಂಕಲನ, ಎಲ್ಲ ಹಾಗೆಯೇ ಇವೆ. ಚಿಕ್ಕವಳಿದ್ದಾಗ ಮಂಚದ ಕೆಳಗೆ ಕೂತು ಪದ್ಯ ಓದುತ್ತಿದ್ದ ನನಗೆ ಗೂಬೆ ಎಂದು ಹೆಸರಿಟ್ಟವಳು ನೀನು. ಕೊನೆಗೆ ಕೆಲಸವೂ ಕತ್ತಲಲ್ಲೇ ಸಿಕ್ಕಾಗ "ನಾನು ಸುಮ್ನೆ ಹೆಸರಿಟ್ನಾ?" ಎಂದು ಬೀದಿಗೆಲ್ಲ ಹೇಳಿಕೊಂಡು ನಕ್ಕೆ.

ನಿನ್ನ ಪತ್ರ ಬಂತು. ಅಕ್ಷರ ನಿನ್ನದಲ್ಲ, ಮಗಳದು. ನೀನು ಹೇಳಿದ್ದನ್ನು ಬರೆಯುತ್ತ ಅವಳು ನಿನ್ನ ಗದರಿಕೆಯನ್ನೂ ಬಿಟ್ಟಿಲ್ಲ: "ಇದನ್ನ ಬರೀಬೇಡ ಕಣೇ, ಅವಳು ಗಾಬರಿ ಆಗ್ತಾಳೆ." ಓದಿ ನಗು ಬಂತು. ಕೊನೆಯಲ್ಲಿ ಅವಳು ತನ್ನದೇ ಎರಡು ಸಾಲು ಸೇರಿಸಿದ್ದಳು, ಅದನ್ನು ಓದಿದ ಮೇಲೆ ನಗು ಉಳಿಯಲಿಲ್ಲ. ಆ ಸಾಲುಗಳಿಗೆ ಆಮೇಲೆ ಬರುತ್ತೇನೆ. ಫೋನಿನಲ್ಲಿ ಹೇಳಹೊರಟರೆ "ಬಿಡೇ ಗೂಬೆ" ಎಂದು ಮಾತು ತೇಲಿಸಿಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ನಿನ್ನಿಂದಾಗದು.

ಎಂಟು ವರ್ಷದ ಹಿಂದೆ ನೀನು ಎರಡೂ ಕೈಗಳ ಎಕ್ಸ್-ರೇ ತೆಗೆಸಿ ಕಳಿಸಿದ್ದು ನೆನಪಿದೆಯೇ? ಫಿಲ್ಮನ್ನು ಸುರುಳಿ ಸುತ್ತಿ, ನನಗಾಗಿ ಹೊಲಿದ ಅಂಗಿಯ ತೋಳಿನೊಳಗೆ ತೂರಿಸಿ ಕಳಿಸಿದ್ದೆ. ಜೊತೆಗೊಂದು ಚೀಟಿ: "ಅಂಗಿ ಬಿಗಿಯಾದರೆ ಹೇಳು. ಕೈ ನೋಡಿ ಹೇಳು." ಆ ಚೀಟಿ ನನ್ನ ಬಳಿ ಇನ್ನೂ ಇದೆ. ನಿನ್ನ ದುಂಡಕ್ಷರ ಈಗ ನನ್ನಲ್ಲಿ ಉಳಿದಿರುವುದು ಅದೊಂದೇ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ನನ್ನ ಗುರುಗಳು ಕಲಿಸಿದ್ದು, ನಾನು ವಿದ್ಯಾರ್ಥಿಗಳಿಗೆ ಕಲಿಸುತ್ತಿರುವುದು. ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದ ಕೂಡಲೇ ಹೆಸರಿರುವ ಮೂಲೆಗೆ ಒಂದು ಕಾಗದದ ಪಟ್ಟಿ ಅಂಟಿಸಬೇಕು. ಮೊದಲು ಮೂಳೆಯನ್ನು ಓದಬೇಕು, ಆಮೇಲೆ ಮನುಷ್ಯರನ್ನು. ಮಣಿಕಟ್ಟಿನಿಂದ ಹೊರಟು ಒಂದೊಂದೇ ಕೀಲಿನಲ್ಲಿ ನಿಂತು ಬೆರಳ ತುದಿಯವರೆಗೆ ಹೋಗಬೇಕು. ಹೆಸರು ಗೊತ್ತಾದರೆ ಕಣ್ಣು ತನಗೆ ಪರಿಚಯವಿದ್ದದ್ದನ್ನು ಕಂಡು ಅಲ್ಲೇ ಕೂತುಬಿಡುತ್ತದೆ.

ನಿನ್ನ ಚಿತ್ರಕ್ಕೆ ಪಟ್ಟಿ ಅಂಟಿಸಲಿಲ್ಲ. ದೀಪದ ಪೆಟ್ಟಿಗೆಗೂ ಹಾಕಲಿಲ್ಲ. ಊಟದ ಬಿಡುವಿನಲ್ಲಿ, ಹೊಸ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲ ಬಳಿಯ ಕಿಟಕಿಯ ಬೆಳಕಿಗೆ ಹಿಡಿದೆ. ಉಗುರಿನ ಹಿಂದಿನ ಕೀಲುಗಳಲ್ಲಿ ಅಮ್ಮನ ಗಂಟುಗಳು ಕಂಡವು. ಸವೆತ ಹಾಗೆಯೇ ಇರುತ್ತದೆ: ಮೂಳೆಗಳ ನಡುವಿನ ಸಂದು ಒಂದು ಪಕ್ಕಕ್ಕೆ ಕಿರಿದಾಗುತ್ತದೆ, ಅಂಚು ಬೆಳ್ಳಗೆ ಗಟ್ಟಿಯಾಗುತ್ತದೆ, ಬದಿಯಲ್ಲಿ ಕರಗಿದ ಮೇಣ ಹೆಪ್ಪುಗಟ್ಟಿದಂತೆ ಮುಳ್ಳು ಬೆಳೆಯುತ್ತದೆ. ನನಗೆ ದುಃಖಕ್ಕಿಂತ ಪ್ರೀತಿ ಉಕ್ಕಿತು ಅಕ್ಕಾ. ಸತ್ತುಹೋದ ಅಮ್ಮನ ಬೆರಳು ಬೆಳಕಿನಲ್ಲಿ ನಿಂತಿತ್ತು. ಅಲ್ಲಿಂದಲೇ ನಿನಗೆ ಫೋನ್ ಮಾಡಿ "ಅಮ್ಮನ ಕೈ ನಿನಗೆ ಬಂದಿದೆ, ಬರೀ ಸವೆತ, ಬಿಸಿನೀರಲ್ಲಿ ಅದ್ದು" ಎಂದೆ. ನೀನು "ಬಳೆ ನಿಂಗೆ ಕೊಟ್ಳು, ಗಂಟು ನಂಗೆ ಕೊಟ್ಳು ನೋಡು" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚಿತ್ರವನ್ನು ಸುತ್ತಿಟ್ಟೆ.

ಆಮೇಲೆ ಎಷ್ಟೋ ಸಲ ಭಾವ ಬೇರೆ ಡಾಕ್ಟರ ಹತ್ತಿರ ಹೋಗೋಣ ಎಂದರು. ಪ್ರತಿ ಸಲವೂ ನಿನ್ನದು ಒಂದೇ ಮಾತು: "ನನ್ನ ತಂಗಿ ನೋಡಿದಾಳೆ." ಅದನ್ನು ನೀನು ಹೇಳುವಾಗ ದನಿಯಲ್ಲಿರುವ ಜಂಬ ನನಗೆ ಗೊತ್ತು. ಆ ಜಂಬವೇ ನಿನಗೆ ಮುಳುವಾಯಿತು.

ಹೋದ ತಿಂಗಳು ನಿಮ್ಮ ಮನೆಗೆ ಬಂದೆನಲ್ಲ, ಬಾಗಿಲಲ್ಲೇ ಗೊತ್ತಾಯಿತು. ಎರಡು ವರ್ಷದಿಂದ ನಿನ್ನನ್ನು ನೋಡಿರಲಿಲ್ಲ. ನೀನು ಚಹಾದ ಲೋಟವನ್ನು ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ತಂದೆ. ಬೆರಳುಗಳೆಲ್ಲ ಒಂದೇ ಗಾಳಿಗೆ ಬಾಗಿದ ಪೈರಿನಂತೆ ಕಿರುಬೆರಳ ಕಡೆಗೆ ವಾಲಿದ್ದವು. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟಿದ್ದೆ. "ಚೆನ್ನಾಗಿ ಕಾಣುತ್ತಲ್ವಾ?" ಎಂದು ಕೇಳಿದೆ. ನಾನು ಹೂಂ ಎಂದೆ. ಸವೆತ ಬೆರಳನ್ನು ಹಾಗೆ ಒಂದೇ ದಿಕ್ಕಿಗೆ ತಳ್ಳುವುದಿಲ್ಲವೆಂದು ಗೊತ್ತಿದ್ದೂ ಚಹಾ ಕುಡಿದು, ಲೋಟ ತೊಳೆದಿಟ್ಟು, ಬಸ್ಸು ಹತ್ತಿದೆ.

ಬಂದವಳೇ ಹಳೆಯ ಚಿತ್ರ ಹುಡುಕಿ ತೆಗೆದೆ. ನೋಡುವ ಧೈರ್ಯ ಬರಲಿಲ್ಲ. ಮೂರು ವಾರ ಮೇಜಿನ ಖಾನೆಯಲ್ಲೇ ಇತ್ತು. ನಿನ್ನ ಪತ್ರ ಬಂದ ಮಾರನೆಯ ದಿನ, ಮೊನ್ನೆ ಬುಧವಾರ, ಸಂಧಿವಾತದ ಬಗೆಗಳನ್ನು ಗುರುತಿಸುವ ಪಾಠವಿತ್ತು. ಹನ್ನೆರಡು ಚಿತ್ರಗಳ ನಡುವೆ ನಿನ್ನದನ್ನೂ ಸೇರಿಸಿದೆ. ಈ ಸಲ ಹೆಸರಿಗೆ ಪಟ್ಟಿ ಅಂಟಿಸಿದ್ದೆ. ಯಾಕೆ ಹಾಗೆ ಮಾಡಿದೆನೋ, ನಿಜ ಹೇಳುತ್ತೇನೆ: ಯಾರಾದರೂ "ಬರೀ ಸವೆತ" ಎಂದುಬಿಡಲಿ ಎಂಬ ಆಸೆ. ಯಾರಿಗೂ ಕಾಣದಿದ್ದರೆ ನನಗೆ ಕಾಣದೆ ಹೋದದ್ದು ತಪ್ಪಾಗುವುದಿಲ್ಲವಲ್ಲ.

ಕಾಲಿನ ಹೆಬ್ಬೆರಳ ಚಿತ್ರ ಬಂತು. ಮೂಳೆಯನ್ನು ಇಲಿ ಕಚ್ಚಿದ ಹಾಗೆ ಗುಳಿ, ಗುಳಿಯ ಮೇಲೆ ಚಾಚಿದ ಅಂಚು. ಗೌಟ್ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ನಿನ್ನದು ಬಂದಾಗ ಮೂವರು ಸವೆತ ಎಂದರು. ನನ್ನ ಉಸಿರು ಹಗುರವಾಯಿತು. ಆಗ ಪೆನ್ನಿನ ಮುಚ್ಚಳ ಕಡಿಯುತ್ತ ಹಿಂದೆ ಕೂರುವ ಹುಡುಗಿ ಎದ್ದು ಹತ್ತಿರ ಬಂದಳು. "ಮೇಡಂ, ಇದರಲ್ಲಿ ಎರಡಿವೆ" ಎಂದಳು. ತುದಿಯ ಸವೆತ ಎಲ್ಲರಿಗೂ ಕಾಣುತ್ತದೆ. ಆದರೆ ಬೆರಳಿನ ಬುಡದ ಕೀಲುಗಳಲ್ಲಿ ಸಂದು ಸಮನಾಗಿ ಕಿರಿದಾಗಿದೆ, ಎರಡೂ ಕೈಯಲ್ಲಿ ಒಂದೇ ರೀತಿ. ಕೀಲಿನ ಸುತ್ತ ಮೂಳೆ ತೆಳುವಾಗಿ ಕಪ್ಪಗಾಗಿದೆ. ತೋರುಬೆರಳ ಬುಡದಲ್ಲೂ, ಮಣಿಕಟ್ಟಿನ ಹೊರಬದಿಯಲ್ಲೂ ಅಂಚು ಸಣ್ಣಗೆ ತಿಂದುಹೋಗಿದೆ. ಇದು ರುಮಟಾಯ್ಡ್, ಮೈ ತನ್ನ ಕೀಲುಗಳನ್ನೇ ತಿನ್ನುವ ರೋಗ. "ಯಾರೋ ತುದಿ ನೋಡಿ ಎದ್ದು ಹೋಗಿದಾರೆ ಮೇಡಂ" ಎಂದಳು. ಆಮೇಲೆ, "ಇವರಿಗೆ ಔಷಧಿ ಯಾವಾಗ ಶುರು ಮಾಡಿದ್ರು?" ಎಂದು ಕೇಳಿದಳು. ಮಾಡಲಿಲ್ಲ ಎಂದೆ. ಎಲ್ಲರೂ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅಕ್ಕಾ, ನಿನ್ನ ಮೂಳೆಯಂಚಿನ ಆ ಗುಳಿಗಳು ಆಗ ಎಳ್ಳುಕಾಳಿನಷ್ಟಿದ್ದವು. ಆಗಲೇ ಮಾತ್ರೆ ಶುರುವಾಗಿದ್ದರೆ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು. ನೀನು ಇಂದಿಗೂ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದೆಯೇನೋ. ಹೋದ ಮೂಳೆ ಮರಳುವುದಿಲ್ಲ. ಉಳಿದದ್ದನ್ನು ಉಳಿಸಬಹುದು, ನೋವನ್ನು ಇಳಿಸಬಹುದು, ಅಷ್ಟೇ. ಸುಳ್ಳು ಸಮಾಧಾನ ಹೇಳುವ ಹಕ್ಕು ನನಗಿಲ್ಲ. ಮೇಲೆ ಒಂದು ಕಡೆ ಶಾಯಿ ಗೀಚಿದ್ದು ಕಾಣುತ್ತಿದೆಯಲ್ಲ, ಅಲ್ಲಿ ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಕೇಳಿದರೆ ನೀನು ತಡಮಾಡದೆ ಕೊಟ್ಟುಬಿಡುತ್ತೀಯ. ಅಷ್ಟು ಸುಲಭಕ್ಕೆ ನನಗೆ ಅದು ಬೇಡ. ಬೈದು ಬರೆ. ಮಗಳ ಕೈಯಲ್ಲೇ ಬರೆಸು, ಒಂದು ಮಾತನ್ನೂ ಬಿಡಬೇಡ ಎಂದು ಹೇಳು.

ನೀನು ಹೊಲಿದ ಆ ಅಂಗಿಯನ್ನೇ ಇವತ್ತು ತೊಟ್ಟಿದ್ದೇನೆ. ಹೊಲಿಗೆ ಒಂದೆಡೆಯೂ ಬಿಟ್ಟಿಲ್ಲ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕೈಗಳನ್ನು ಕಣ್ಣಿಗೊತ್ತಿಕೊಂಡು,

ನಿನ್ನ
ಗೂಬೆ

ಮರೆತದ್ದಲ್ಲ, ಹೆದರಿ ಕೊನೆಗೆ ಉಳಿಸಿಕೊಂಡದ್ದು: ನನ್ನ ಪತ್ರಗಳನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುವವಳು ನೀನೇ ಅಲ್ಲವೇ ಮಗಳೇ? ಇದು ನಿನಗೆ. "ಚಿಕ್ಕಮ್ಮ, ಎರಡು ತಿಂಗಳಿಂದ ಬೆಳಿಗ್ಗೆ ಒಂದು ಗಂಟೆ ನನ್ನ ಎರಡೂ ಕೈ ಮಡಚೋಕೆ ಆಗ್ತಿಲ್ಲ. ಅಮ್ಮ, 'ನಮ್ಮ ಮನೆ ಕೈನೇ ಹಾಗೆ, ಬಿಸಿನೀರಲ್ಲಿ ಅದ್ದು' ಅಂದ್ರು" ಎಂದು ಬರೆದಿದ್ದೀಯ. ಇಪ್ಪತ್ತಾರು ವರ್ಷಕ್ಕೆ ಕೀಲು ಹಾಗೆ ಸವೆಯುವುದಿಲ್ಲ. ಬಿಸಿನೀರನ್ನು ನಂಬಿ ಕೂರಬೇಡ. ಇಲ್ಲಿನ ಕೀಲುರೋಗದ ಡಾಕ್ಟರ ಬಳಿ ಮಂಗಳವಾರಕ್ಕೆ ನಿಮ್ಮಿಬ್ಬರ ಹೆಸರನ್ನೂ ಬರೆಸಿದ್ದೇನೆ. ಈ ಕಾಗದ ಕೊರಿಯರಿನಲ್ಲಿ ಸೋಮವಾರ ಬೆಳಿಗ್ಗೆ ನಿನ್ನ ಕೈ ಸೇರುತ್ತದೆ, ಸಂಜೆಯ ಬಸ್ಸಿಗೇ ಹೊರಡಿ. ಎಕ್ಸ್-ರೇಯಲ್ಲಿ ಇನ್ನೂ ಏನೂ ಕಾಣದಿರಬಹುದು. ಕಾಣುವ ಮೊದಲೇ ಹೋಗಬೇಕು. ನಿನ್ನ ಚಿತ್ರವನ್ನು ಮಾತ್ರ ನನ್ನ ಬಳಿ ತರಬೇಡ, ಹೆಸರು ಮುಚ್ಚಿದರೂ ನನಗೆ ಗುರುತು ಸಿಕ್ಕಿಬಿಡುತ್ತದೆ. ನಿನ್ನಮ್ಮ ಬಾಗಿಲಲ್ಲಿ ನಿಂತು "ಯಾಕೆ ಹೋಗ್ಬೇಕು, ನನ್ನ ತಂಗಿ ನೋಡಿದಾಳೆ" ಎಂದರೆ, ನೋಡಿಲ್ಲ ಎಂದು ಹೇಳು.